ಕನ್ನಡ ಮೆನುವಿನಲ್ಲಿ ಈಗಿರುವ ಪುಟವನ್ನು ಎತ್ತಿ ತೋರಿಸಿದ ಬಗೆ

ಓದುಗರ ಬಳಗವೊಂದರ ವೆಬ್‌ಸೈಟ್‌ಗೆ ಮೆನು ಕಟ್ಟುವ ಕೆಲಸ ನನ್ನದಾಗಿತ್ತು. ಮುಖಪುಟ, ಪುಸ್ತಕಗಳು, ಲೇಖಕರು, ನಮ್ಮ ಬಗ್ಗೆ, ಇಷ್ಟೇ. ಓದುಗರು ಯಾವ ಪುಟದಲ್ಲಿದ್ದಾರೋ ಆ ಕೊಂಡಿ ಎದ್ದು ಕಾಣಬೇಕು. ಬಹಳ ಮಂದಿ ಇದಕ್ಕೆ ‘ಆ್ಯಕ್ಟಿವ್’ ಎಂಬ ಕ್ಲಾಸ್ (ಶೈಲಿ ಕೊಡಲು ಕೋಡಿನಲ್ಲಿ ಇಡುವ ಹೆಸರು) ಹಚ್ಚಿ, ಬಣ್ಣ ಬದಲಿಸಿ ಮುಗಿಸುತ್ತಾರೆ. ಆದರೆ ಕಣ್ಣು ಕಾಣದ ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಕ್ಲಾಸಿನ ಹೆಸರನ್ನು ಸ್ಕ್ರೀನ್ ರೀಡರ್ (ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಓದುವುದೇ ಇಲ್ಲ.

ಹಾಗಾಗಿ ನಾನು ಏರಿಯಾ-ಕರೆಂಟ್ (aria-current) ಎಂಬ ಆಟ್ರಿಬ್ಯೂಟ್, ಅಂದರೆ ಟ್ಯಾಗಿಗೆ ಸೇರಿಸುವ ಗುಣ, ಬಳಸಿ, ಅದಕ್ಕೆ ‘ಪೇಜ್’ ಎಂಬ ಮೌಲ್ಯ ಕೊಟ್ಟೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರಲ್ಲಿ ಅಂತಿಮಗೊಳಿಸಿದ ಏರಿಯಾ 1.1 ಎಂಬ ಮಾನದಂಡದಲ್ಲಿ ಇದು ಸೇರಿದೆ. ಇದಿದ್ದರೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಕೊಂಡಿಯ ಹೆಸರಿನ ಜೊತೆಗೆ, ನೀವಿರುವುದು ಇದೇ ಪುಟ ಎಂಬುದನ್ನೂ ಹೇಳುತ್ತದೆ. ಸಿಎಸ್‌ಎಸ್‌ನ ಸೆಲೆಕ್ಟರನ್ನೂ (ಶೈಲಿ ಯಾವುದಕ್ಕೆ ಅನ್ವಯಿಸಬೇಕೆಂದು ಹೇಳುವ ಭಾಗ) ಇದೇ ಆಟ್ರಿಬ್ಯೂಟ್ ಮೇಲೆ ಬರೆದೆ. ಬೇರೆ ಕ್ಲಾಸ್ ಇಡಲಿಲ್ಲ. ಆಟ್ರಿಬ್ಯೂಟ್ ಬಿಟ್ಟುಹೋದರೆ ಪರದೆಯ ಮೇಲಿನ ಗುರುತೂ ಹೋಗುತ್ತದೆ, ಆಗ ಲೋಪ ನೋಡುವವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಗುರುತು ಹೇಗಿರಬೇಕು ಎಂಬಲ್ಲಿ ಕನ್ನಡ ಲಿಪಿಯ ಲೆಕ್ಕವೇ ಬೇರೆ. ಮಾಮೂಲಿ ಅಡಿಗೆರೆ ಎಳೆದರೆ ‘ಪುಸ್ತಕಗಳು’, ‘ನಮ್ಮ ಬಗ್ಗೆ’ ಇವುಗಳ ಒತ್ತಕ್ಷರಕ್ಕೆ ಅದು ತಾಗುತ್ತದೆ. ತಾಗದಿರಲೆಂದು ಬ್ರೌಸರ್ ಗೆರೆಯನ್ನು ಅಲ್ಲಲ್ಲಿ ಕತ್ತರಿಸುತ್ತದೆ, ಕೊನೆಗೆ ಉಳಿಯುವುದು ತುಂಡು ತುಂಡು ಗೆರೆ. ನಾನು ಅಡಿಗೆರೆ ಬಿಟ್ಟು, ಒತ್ತಿಗೆ ಜಾಗ ಸಿಗುವಷ್ಟು ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) ಕೊಟ್ಟು, ಕೆಳಗೆ 3 ಪಿಕ್ಸೆಲ್‌ನ ಬಾರ್ಡರ್ ಹಾಕಿದೆ. ಅಕ್ಷರ ದಪ್ಪ ಮಾಡಲಿಲ್ಲ, ಮಾಡಿದರೆ ಪದ ಅಗಲವಾಗಿ ಪಕ್ಕದ ಕೊಂಡಿಗಳು ಜರುಗುತ್ತವೆ. ಬಣ್ಣವನ್ನಷ್ಟೇ ನೆಚ್ಚುವುದೂ ಸಲ್ಲ, ಬಣ್ಣಗುರುಡು ಇರುವವರಿಗೆ ಅದು ಕಾಣದೇ ಹೋಗಬಹುದು.

ಉಳಿದ ಕೊಂಡಿಗಳಿಗೆ ಪಾರದರ್ಶಕ ಬಾರ್ಡರ್ ಕೊಟ್ಟು ಎತ್ತರ ಸರಿದೂಗಿಸುವ ರೂಢಿಯಿದೆ. ನಾನು ಅದನ್ನು ಬೇಕೆಂದೇ ಬಿಟ್ಟೆ. ವಿಂಡೋಸ್‌ನ ಬಣ್ಣಗಳ ವ್ಯತ್ಯಾಸ ಹೆಚ್ಚಿಸಿ ತೋರಿಸುವ ಹೈ ಕಾಂಟ್ರಾಸ್ಟ್ ಮೋಡ್‌ನಲ್ಲಿ ಪಾರದರ್ಶಕ ಬಾರ್ಡರ್ ಕೂಡ ಬಣ್ಣ ಪಡೆದು ಎಲ್ಲ ಕೊಂಡಿಗಳೂ ಒಂದೇ ಥರ ಕಾಣುತ್ತವೆ. ಬದಲಿಗೆ ಅವುಗಳ ಪ್ಯಾಡಿಂಗನ್ನೇ 3 ಪಿಕ್ಸೆಲ್ ಹೆಚ್ಚಿಸಿದೆ.

ಯಾವ ಕೊಂಡಿಗೆ ಗುರುತು ಹಾಕಬೇಕೆಂಬುದನ್ನು ಸರ್ವರ್‌ನಲ್ಲೇ, ಟೆಂಪ್ಲೇಟ್ ಮೂಲಕ ತೀರ್ಮಾನಿಸುವುದು ಒಳ್ಳೆಯದು. ನಮ್ಮದು ಬರೀ ಎಚ್‌ಟಿಎಂಎಲ್ ಕಡತಗಳ ಸೈಟ್ ಆದ್ದರಿಂದ ಪುಟ್ಟ ಜಾವಾಸ್ಕ್ರಿಪ್ಟ್ ಬರೆದೆ. ವಿಳಾಸಗಳೂ ಕನ್ನಡದಲ್ಲೇ ಇದ್ದವು. ಬ್ರೌಸರ್ ಒಳಗೊಳಗೆ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವನ್ನೂ ಮೂರು ಬೈಟ್ ಮಾಡಿ, ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ (%) ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯುತ್ತದೆ. ಐದಕ್ಷರದ, ಒಂಬತ್ತು ಸಂಕೇತಗಳ ‘ಪುಸ್ತಕಗಳು’ ಅಲ್ಲಿ 81 ಚಿಹ್ನೆಗಳ ಸಾಲು! ಅದನ್ನು ಕಡತದಲ್ಲಿ ಬರೆದ ಕನ್ನಡ ಪದದ ಜೊತೆ ನೇರವಾಗಿ ಹೋಲಿಸಿದರೆ ಎಂದೂ ತಾಳೆಯಾಗದು. ಕೊಂಡಿಯ ಪಾತ್‌ನೇಮ್ ಗುಣವನ್ನು (ವಿಳಾಸದಲ್ಲಿ ಸೈಟಿನ ಹೆಸರಿನ ನಂತರದ ಭಾಗ) ಈಗಿನ ಪುಟದ ವಿಳಾಸವಾದ ಲೊಕೇಶನ್‌ನ ಪಾತ್‌ನೇಮ್ ಜೊತೆ ಹೋಲಿಸಿದರೆ ಎರಡೂ ಒಂದೇ ರೂಪದಲ್ಲಿ ಸಿಗುತ್ತವೆ. ಹೋಲಿಸುವ ಮುಂಚೆ ಕೊನೆಯ ಓರೆಗೆರೆಯನ್ನು (/) ಎರಡರಿಂದಲೂ ತೆಗೆದೆ.

ಒಂದೊಂದು ಪುಸ್ತಕಕ್ಕೂ ಪ್ರತ್ಯೇಕ ಪುಟವಿದೆ. ಅಲ್ಲಿದ್ದಾಗ ‘ಪುಸ್ತಕಗಳು’ ಕೊಂಡಿ ಈಗಿನ ಪುಟವಲ್ಲ, ಈಗಿನ ವಿಭಾಗ. ಅದಕ್ಕೆ ‘ಪೇಜ್’ ಬದಲು ‘ಟ್ರೂ’ ಎಂಬ ಮೌಲ್ಯ ಕೊಟ್ಟು, ಬಾರ್ಡರನ್ನು ಚುಕ್ಕಿಗೆರೆ ಮಾಡಿದೆ. ವಿಭಾಗವನ್ನು ವಿಳಾಸದ ಆರಂಭ ನೋಡಿ ಗುರುತಿಸುವಾಗ ಮುಖಪುಟವನ್ನು ಹೊರಗಿಟ್ಟೆ, ಏಕೆಂದರೆ ಅದರ ವಿಳಾಸವಾದ ಒಂಟಿ ಓರೆಗೆರೆಯಿಂದಲೇ ಎಲ್ಲ ವಿಳಾಸಗಳೂ ಶುರುವಾಗುತ್ತವೆ.