ಪಾಳು ಊರಿಗೆ ದಾರಿ ಹೊಸ ಊರಿಂದ: ಇಟಲಿಯಲ್ಲಿ ನನ್ನ ಅನುಭವ

ಇಟಲೀಲಿ ಜನ ಬಿಟ್ಟುಹೋದ ಪಾಳು ಊರು ಸುತ್ತೋ ಹುಚ್ಚು ನನಗೆ. ಮೂರನೇ ಸಲಕ್ಕೆ ಸರಿಯಾಗಿ ಆಯ್ತು ಕಣ್ರಪ್ಪ, ಅದಕ್ಕೇ ಬರೀತಿದೀನಿ. ಮೊದಲೆರಡು ಸಲ ಹೋಗಿ ಬಂದಾಗ ಮನೇಲಿ, ಆಫೀಸಲ್ಲಿ ಎಲ್ಲ ಸೇರಿ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. "ಜನ ವೆನಿಸ್ ನೋಡಕ್ಕೆ ಹೋಗ್ತಾರೆ, ಇವ್ರು ಬಿದ್ದೋಗಿರೋ ಗೋಡೆ ನೋಡಕ್ಕೆ ಲಕ್ಷಗಟ್ಲೆ ಸುರೀತಾರೆ" ಅಂತ ನನ್ನ ಹೆಂಡತಿ. ಟೀಮಲ್ಲಿ ಒಬ್ಬ, ದಕ್ಷಿಣ ಇಟಲೀಲಿ ಕಾರಿಲ್ದೆ ಹಳ್ಳಿ ಸುತ್ತಕ್ಕಾಗಲ್ಲ, ಅದೂ ನವೆಂಬರಲ್ಲಿ, ಅದೂ ವೆಜ್ ತಿನ್ಕೊಂಡು, ಚಾನ್ಸೇ ಇಲ್ಲ ಅಂತ ಬೆಟ್ ಕಟ್ಟಿದ್ದ. ಬೆಟ್ಟು ಒಂದು ಮಸಾಲೆ ದೋಸೆ. ಇನ್ನೂ ಕೊಡ್ಸಿಲ್ಲ.

ವೀಸಾ, ಇನ್ಶೂರೆನ್ಸು, ಯಾವ ಬೂಟು, ಯಾವ ಪವರ್ ಬ್ಯಾಂಕು, ಇದೆಲ್ಲ ನಿಮಗೆ ಗೊತ್ತಿರೋದೇ, ಅದಕ್ಕೆ ಟೈಮ್ ವೇಸ್ಟ್ ಮಾಡಲ್ಲ. ನೇರ ತಪ್ಪುಗಳಿಗೆ ಬರ್ತೀನಿ.

2018ರಲ್ಲಿ ಮೊದಲನೇ ಸಲ. ಎಲ್ಲರ ಥರ "ಟಾಪ್ ಟೆನ್ ಘೋಸ್ಟ್ ವಿಲೇಜ್" ಪಟ್ಟಿ ನೋಡ್ಕೊಂಡು ಹೊರಟೆ. ರೋಮಿಂದ ಚಿವಿತಾ ದಿ ಬಾನ್ಯೊರೇಜೊ, "ಸಾಯ್ತಿರೋ ಊರು" ಅಂತಾನೇ ಅದರ ಅಡ್ಡಹೆಸರು. ಊರಿಗೆ ಹೋಗಕ್ಕೆ ಉದ್ದಕ್ಕೆ ಒಂದು ಕಾಲುಸೇತುವೆ, ಅದನ್ನ ದಾಟಕ್ಕೆ ಟಿಕೆಟ್ಟು, ದಾಟಿದ್ರೆ ಒಳಗೆ ಜಾತ್ರೆ. ಸಾಯ್ತಿರೋ ಊರಲ್ಲಿ ಕಾಲಿಡಕ್ಕೆ ಜಾಗ ಇಲ್ಲ! ಅಲ್ಲಿಂದ ಬಾಸಿಲಿಕಾತಾ ಪ್ರಾಂತ್ಯದ ಕ್ರಾಕೊ. 1963ರಲ್ಲಿ ಗುಡ್ಡ ಜಾರಿ ಊರು ಖಾಲಿ ಮಾಡಿಸಿದ್ದು, ಆಮೇಲೆ 1972ರ ಮಳೆ, 1980ರ ಭೂಕಂಪ ಸೇರ್ಕೊಂಡು ಪೂರ್ತಿ ಮುಗೀತು. ಸಿನಿಮಾದವರಿಗೆ ಫೇವರಿಟ್ ಲೊಕೇಶನ್ನು. ತಲೆಗೆ ಹೆಲ್ಮೆಟ್ ಹಾಕ್ಸಿ, ಗೈಡ್ ಹಿಂದೆ ಕುರಿ ಹಿಂಡಿನ ಥರ ಓಡಾಡಿಸಿ, ಮುಕ್ಕಾಲು ಗಂಟೇಲಿ ಹೊರಗೆ ಬಿಟ್ಟರು. ಊರೇನೋ ಅದ್ಭುತ, ಸುಳ್ಳು ಹೇಳಲ್ಲ, ಆ ನಾರ್ಮನ್ ಗೋಪುರ ದೂರದಿಂದ ಕಾಣ್ತಿದ್ದ ಹಾಗೇ ಮೈ ಜುಂ ಅನ್ನುತ್ತೆ. ಆದ್ರೆ ಅಲ್ಲಿ ಯಾರು ಇದ್ರು, ಯಾಕೆ ಹೋದ್ರು ಅಂತ ಒಂದು ಮಾತು ಆಡಕ್ಕೆ ಜನ ಇಲ್ಲ.

ಎಂಥ ಪೆದ್ದುತನ ಅಂದ್ರೆ, ಕೆಳಗೆ ಕಣಿವೇಲಿ ಕ್ರಾಕೊ ಪೆಸ್ಕಿಯೇರಾ ಅಂತ ಇದೆ, ಮೇಲಿನ ಊರಿನವರಿಗೆ ಕಟ್ಟಿಕೊಟ್ಟ ಹೊಸ ಊರು. ನಮ್ಮ ಗಾಡಿ ಅಲ್ಲಿಂದಲೇ ಹಾದು ಹೋಯ್ತು. ಹೌಸಿಂಗ್ ಬೋರ್ಡ್ ಕಾಲೋನಿ ಥರ ಸಪ್ಪೆ ಮನೆಗಳು, ಒಂದು ಬಾರು, ಹೊರಗೆ ಪ್ಲಾಸ್ಟಿಕ್ ಕುರ್ಚೀಲಿ ನಾಲ್ಕು ಜನ ಮುದುಕರು ಇಸ್ಪೀಟ್ ಆಡ್ತಿದ್ರು. ನಾನು ಕಿಟಕೀಲಿ ನೋಡ್ಕೊಂಡು ಸುಮ್ನೆ ಕೂತಿದ್ದೆ, ಇಳೀಲೂ ಇಲ್ಲ.

ಎರಡನೇ ಸಲ 2022. ಈ ಸಲ ಕಾರು, ಸ್ವಾತಂತ್ರ್ಯ, ಅಂತ ಹುಮ್ಮಸ್ಸು. ಆರ್‌ಟಿಓಲಿ ಸಾವಿರ ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ದೆ. ನೇಪಲ್ಸಲ್ಲಿ ಬಾಡಿಗೆ ಕೌಂಟರಲ್ಲಿ ನಿಂತಾಗ ಗೊತ್ತಾಯ್ತು, ಡೆಪಾಸಿಟ್ಟಿಗೆ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಂತೆ, ನನ್ ಹತ್ರ ಇದ್ದಿದ್ದು ಡೆಬಿಟ್ಟು ಮತ್ತೆ ಫಾರೆಕ್ಸು. ಬುಕ್ ಮಾಡಿದ ದುಡ್ಡು ಹೋಯ್ತು, ಪಕ್ಕದ ಕೌಂಟರಲ್ಲಿ ಅದೇ ಫಿಯಾಟ್ ಪಾಂಡಾ ಹೆಚ್ಚುಕಮ್ಮಿ ಡಬಲ್ ರೇಟಿಗೆ ತಗೊಂಡೆ. ಅದು ಚಿಕ್ಕ ಗಾಯ. ದೊಡ್ಡದು ಆಮೇಲೆ. ಒಂದು ಊರಿನ ಹಳೇ ಭಾಗದಲ್ಲಿ ಬೋರ್ಡಲ್ಲಿ ಕೆಂಪಗೆ "ವಾರ್ಕೊ ಅತ್ತೀವೊ" ಅಂತ ಹೊಳೀತಿತ್ತು. ವಾರ್ಕೊ ಅಂದ್ರೆ ಗೇಟು, ಅತ್ತೀವೊ ಅಂದ್ರೆ ಆ್ಯಕ್ಟಿವ್, ಅಂದ್ರೆ ಗೇಟು ಓಪನ್ನು, ಅಂತ ನನ್ನ ಪಾಂಡಿತ್ಯ. ಆ್ಯಕ್ಟಿವ್ ಇದ್ದಿದ್ದು ಕ್ಯಾಮೆರಾ! ಹೊರಗಿನ ಗಾಡಿಗೆ ಒಳಗೆ ಬಿಡದ ಝಡ್‌ಟಿಎಲ್ ಜಾಗ ಅದು. ದಾರಿ ತಪ್ಪಿ ಸುತ್ತು ಹಾಕಿ ಮತ್ತೆ ಅದೇ ಗೇಟಲ್ಲಿ ಬಂದಿದೀನಿ, ಎರಡು ಸಲ. ಎಂಟು ತಿಂಗಳಾದ್ಮೇಲೆ ಬೆಂಗಳೂರಿನ ಮನೆಗೆ ರಿಜಿಸ್ಟರ್ಡ್ ಪೋಸ್ಟು, ಒಂದೊಂದಕ್ಕೂ ತೊಂಬತ್ತು ಚಿಲ್ಲರೆ ಯುರೋ ದಂಡ. ನನ್ನ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆಯವರು ಅದಕ್ಕೂ ಮುಂಚೇನೇ ತಲಾ ನಲವತ್ತೈದು ಎಳ್ಕೊಂಡಿದ್ರು. ಲೆಕ್ಕ ಹಾಕಿ, ಆಗಿನ ರೇಟಿಗೆ ಇಪ್ಪತ್ನಾಲ್ಕು ಸಾವಿರದ ಹತ್ತಿರ, ಒಂದು ಬೋರ್ಡ್ ಓದಿದ್ದಕ್ಕೆ.

ಆ ಟ್ರಿಪ್ಪಿಗೆ ಒಟ್ಟು ಎರಡೂವರೆ ಲಕ್ಷ ಮೇಲೇ ಆಯ್ತು. ಸಿಕ್ಕಿದ್ದು? ಬೆನೆವೆಂತೊ ಹತ್ರ ಆಪಿಚೆ ವೆಕ್ಕಿಯಾ, 1962ರ ಆಗಸ್ಟ್ ಭೂಕಂಪಕ್ಕೆ ಖಾಲಿಯಾದ ಊರು. ನಾನು ಮುಟ್ಟೋ ಹೊತ್ತಿಗೆ ಕತ್ತಲು, ಬೇಲಿ ಆಚೆಯಿಂದ ಟಾರ್ಚ್ ಬಿಟ್ಟು ನೋಡಿದ್ದಷ್ಟೇ. ಇನ್ನೊಂದು ಕಡೆ "ಪೆರಿಕೊಲೊ ದಿ ಕ್ರೊಲ್ಲೊ", ಕುಸಿಯೋ ಅಪಾಯ ಇದೆ ಅಂತ ಬೋರ್ಡು, ಗೇಟಿಗೆ ಬೀಗ. ಬೇಲಿ ಹಾರೋರು ಹಾರ್ತಾರೆ, ನಾನು ಹಾರಲ್ಲ. ಧೈರ್ಯದ ಪ್ರಶ್ನೆ ಅಲ್ಲ, ನಲವತ್ತು ವರ್ಷ ಮಳೆ ಕುಡಿದ ಮರದ ತೊಲೆ ನಮ್ಮ ಭಾರ ತಡಿಯುತ್ತಾ ಇಲ್ವಾ ಅಂತ ಟೆಸ್ಟ್ ಮಾಡಕ್ಕೆ ಇರೋದು ಒಂದೇ ಕಾಲು ಜೊತೆ.

ಬಂದ್ಮೇಲೆ ವರ್ಷಗಟ್ಲೆ ರಾತ್ರಿ ಕೂತು ಮ್ಯಾಪ್ ಹುಚ್ಚು ಹಿಡೀತು. ಇಟಲಿ ಸರ್ಕಾರದ ಕಾರ್ಟೊಗ್ರಾಫಿಕ್ ಪೋರ್ಟಲಲ್ಲಿ 1988ರ ಕಪ್ಪು-ಬಿಳುಪು ಏರಿಯಲ್ ಫೋಟೊ ಇವೆ, ಅದನ್ನ ಈಗಿನ ಸ್ಯಾಟಲೈಟ್ ಚಿತ್ರದ ಪಕ್ಕ ಇಟ್ಕೊಂಡು ಯಾವ ಸೂರು ಬಿದ್ದಿದೆ, ಯಾವ ರಸ್ತೆ ಮೇಲೆ ಗಿಡ ಬೆಳೆದಿದೆ ಅಂತ ನೋಡೋದು. ಮಿಲಿಟರಿ ಮ್ಯಾಪುಗಳಲ್ಲಿ ಹೆಸರಿನ ಬಾಲ ನೋಡೋದು, ವೆಕ್ಕಿಯೊ, ವೆಕ್ಕಿಯಾ ಅಂದ್ರೆ ಹಳೇದು, ದಿರೂತೊ ಅಂದ್ರೆ ಪಾಳು. ಎಕ್ಸೆಲ್ ಶೀಟಲ್ಲಿ ಅರವತ್ತೋ ಎಪ್ಪತ್ತೋ ಊರು ಆಯ್ತು. ಶೀಟ್ ನೋಡ್ತಾ ನೋಡ್ತಾ ಒಂದು ವಿಷಯ ಕಣ್ಣಿಗೆ ಹೊಡೀತು. ಭೂಕಂಪ, ಗುಡ್ಡ ಕುಸಿತದಿಂದ ಖಾಲಿ ಆದ ಬಹಳಷ್ಟು ಊರಿಗೆ ಹತ್ತಿರದಲ್ಲೇ ಒಂದು ಹೊಸ ಊರಿದೆ, ಅಲ್ಲಿ ಇನ್ನೂ ಜನ ಇದಾರೆ. ನಾನು ಇಷ್ಟು ದಿನ ಹೆಣದ ಹತ್ರ ಹೋಗಿ ವಿಳಾಸ ಕೇಳ್ತಿದ್ದೆ!

ಇದು ನನಗೆ ಮೊದಲೇ ಹೊಳೀಬೇಕಿತ್ತು, ಯಾಕಂದ್ರೆ ನಮ್ಮಜ್ಜಿ ಮುಳುಗಡೆಯವರು. ಸಾಗರದ ಕಡೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಾಗ ಊರು ಬಿಟ್ಟು ಎದ್ದು ಬಂದ ಮನೆ. ಬೇಸಿಗೇಲಿ ಹಿನ್ನೀರು ಇಳಿದಾಗ "ಅದೋ ಅಲ್ಲಿ ನಮ್ಮ ಅಡಿಕೆ ಕಣ" ಅಂತ ಬರೀ ನೀರಿಗೆ ಕೈ ತೋರಿಸೋರು, ನಮಗೇನೂ ಕಾಣ್ತಿರ್ಲಿಲ್ಲ.

ಸರಿ, 2024ರ ಅಕ್ಟೋಬರ್ ಕೊನೆ. ಪ್ಲಾನ್ ಸಿಂಪಲ್. ಪಾಳು ಊರಿಗೆ ಹೋಗೋದಲ್ಲ, ಹೊಸ ಊರಲ್ಲಿ ಹೋಗಿ ಉಳ್ಕೊಳ್ಳೋದು, ಕಡಿಮೆ ಅಂದ್ರೆ ಮೂರು ರಾತ್ರಿ, ಬೆಳಿಗ್ಗೆ ಬಾರಲ್ಲಿ ಕಾಫಿ ಕುಡಿಯೋದು. ಅಲ್ಲಿ ಬಾರ್ ಅಂದ್ರೆ ನಮ್ಮ ದರ್ಶಿನಿ ಇದ್ದ ಹಾಗೆ, ಗಾಬರಿ ಬೇಡ. ಮೊದಲನೇ ದಿನ ಯಾರೂ ಮಾತಾಡ್ಸಲ್ಲ, ಎರಡನೇ ದಿನ ತಲೆ ಆಡಿಸ್ತಾರೆ, ಮೂರನೇ ದಿನ ಎಲ್ಲಿಯವನು ಅಂತ ಕೇಳ್ತಾರೆ. ಕಾಫಿ ಆಗ ಒಂದು ಯುರೋ, ಒಂದು ಇಪ್ಪತ್ತು. ಇಷ್ಟು ಕಡಿಮೆ ಎಂಟ್ರಿ ಟಿಕೆಟ್ ಎಲ್ಲೂ ಇಲ್ಲ. ಆ್ಯಪುಗಳಲ್ಲಿ ಕಾಣದ ಈ ಊರುಗಳಲ್ಲಿ ರೂಮು ಹೆಂಗೆ ಹಿಡೀತೀನಿ ಅನ್ನೋದು ಮಾತ್ರ ಹೇಳಲ್ಲ, ಅದು ಎರಡು ವರ್ಷದ ಮಣ್ಣು ಹೊತ್ತ ಕೆಲಸ.

ಉಳ್ಕೊಂಡಿದ್ದು ಬುಚ್ಚೀನೊ ಹತ್ರ, ಸಲೆರ್ನೊ ಜಿಲ್ಲೆಯ ಒಳಗೆ. ಬಸ್ಸಿಳಿದ ಕಡೆ ಮನೆ ಯಜಮಾನಿ ತಾವೇ ಬಂದು ಕರ್ಕೊಂಡು ಹೋದ್ರು, ಅದಕ್ಕೆ 20 ಯುರೋ. ಇಲ್ಲೇ ನಾನು ಮಾಡಿದ್ದು ಮಹಾ ಎಡವಟ್ಟು. ಬರಿಗೈಲಿ ಹೋಗೋದು ಹೆಂಗೆ ಅಂತ ಸಲೆರ್ನೊ ಮಾರ್ಕೆಟ್ಟಲ್ಲಿ ಹೂವಿನ ಕುಂಡ ತಗೊಂಡಿದ್ದೆ. ರಾಶಿ ರಾಶಿ ಹಳದಿ ಸೇವಂತಿಗೆ, ಐದಾರು ಯುರೋ, ಆಯುಧಪೂಜೆ ದಿನದ ಸಿಟಿ ಮಾರ್ಕೆಟ್ ಥರ ಬೀದಿ ತುಂಬ ಅದೇ, ನನಗಂತೂ ಖುಷಿಯೋ ಖುಷಿ. ಕೈಗೆ ಕೊಟ್ಟೆ. ಆಯಮ್ಮನ ಮುಖ ಕಲ್ಲಾಗೋಯ್ತು. ಕುಂಡ ನೋಡಿದ್ರು, ನನ್ನ ನೋಡಿದ್ರು, ಒಳಗೆ ಕೂಗಿ ಗಂಡನ್ನ ಕರೆದ್ರು. ಅವರು ಬಂದವರೇ ಹೊಟ್ಟೆ ಹಿಡ್ಕೊಂಡು ನಗಕ್ಕೆ ಶುರು. ಇಟಲೀಲಿ ಸೇವಂತಿಗೆ ಸತ್ತವರ ಹೂವು, ನವೆಂಬರ್ 2 ಸತ್ತವರ ದಿನ, ಬೀದಿ ತುಂಬ ಅದನ್ನ ಇಟ್ಟಿದ್ದೇ ಗೋರಿಗೆ ಅಂತ. ಬದುಕಿರೋ ಹೆಂಗಸಿಗೆ ಮನೆ ಬಾಗಿಲಲ್ಲಿ ಕೊಟ್ಟಿದೀನಿ ನಾನು. ನಮ್ಮಲ್ಲಿ ಇದು ದೇವರಿಗೆ, ಮುಡಿಗೆ, ಮದುವೆ ಕಾರಿಗೆ ಅಂತ ಫೋನಲ್ಲಿ ಫೋಟೊ ತೋರಿಸಿ ತೋರಿಸಿ ಬಚಾವಾದೆ.

ಮಾರನೇ ದಿನ ನವೆಂಬರ್ 1, ಅದೂ ರಜೆ, ಅಂಗಡಿ ಎಲ್ಲ ಬಂದ್, ಬಿಸ್ಕತ್ತು ಮತ್ತೆ ನಾನು ತಂದಿದ್ದ ಚಟ್ನಿಪುಡಿ. ನಮ್ಮ ರಾಜ್ಯೋತ್ಸವ ಆಯ್ತು ಹಂಗೆ. 2ನೇ ತಾರೀಕು ಬೆಳಿಗ್ಗೆ ಯಜಮಾನಿ ಬಾಗಿಲು ತಟ್ಟಿ, ಕಂಕುಳಲ್ಲಿ ಅದೇ ಕುಂಡ, ಬಾ ಅಂದ್ರು. ಅವರ ತೌರೂರು 1980ರ ಭೂಕಂಪಕ್ಕೆ ಹೋದ ಊರು. ಜನ ಕೆಳಗೆ ಬಂದಿದಾರೆ, ಸ್ಮಶಾನ ಮಾತ್ರ ಮೇಲೇ ಇದೆ. ಆ ಊರಿನ ಹೆಸರು ಬರೆಯಲ್ಲ, ಬರೆದ್ರೆ ಮುಂದಿನ ವರ್ಷ ಅಲ್ಲೂ ರೀಲ್ಸ್.

ಏನು ನೋಡಿದೆ ಗೊತ್ತಾ? ವರ್ಷವಿಡೀ ಖಾಲಿ ಇರೋ ಊರಿನ ದಾರೀಲಿ ಅವತ್ತು ಕಾರುಗಳ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಸೇವಂತಿಗೆ ಕುಂಡ, ಬಕೆಟ್ಟು, ಬಟ್ಟೆ. ಗೋರಿ ಕಲ್ಲು ತೊಳೆಯೋದು, ಒರೆಸೋದು, ಕೆಂಪು ದೀಪ ಇಡೋದು, ಆಮೇಲೆ ಅಲ್ಲೇ ನಿಂತು ಹರಟೆ. ನನ್ನ ಕುಂಡ ಯಜಮಾನಿಯ ಅಪ್ಪನ ಗೋರಿ ಮೇಲೆ ಕೂತಿತು. "ಇದು ಇಂಡಿಯಾದವನು ತಂದಿದ್ದು" ಅಂತ ಎಲ್ಲರಿಗೂ ಹೇಳಿಕೊಂಡು ನಕ್ಕರು, ನಾನು ಅರ್ಧ ಗಂಟೇಲಿ ಊರಿಗೇ ಪರಿಚಯ. ಒಬ್ಬ ಅಜ್ಜ, ಎಂಬತ್ತರ ಆಸುಪಾಸು, ಯಾಕೆ ಬಂದೆ ಅಂದ್ರು. ಫೋಟೊಗೆ ಅಂದ್ರೆ ಮುಖ ತಿರುಗಿಸ್ತಾರೆ, ಅದು ಹಳೇ ಅನುಭವ. ನನಗೆ ಬರೋ ಮುರುಕಲು ಇಟಾಲಿಯನ್ನಲ್ಲಿ, ನೋನ್ನಾ, ಕಾಸಾ, ಸೊತ್ತೊ ಲಾಕ್ವಾ, ಡೀಗಾ ಅಂದೆ. ಅಜ್ಜಿ, ಮನೆ, ನೀರಡಿ, ಅಣೆಕಟ್ಟು. ಅಜ್ಜ ಒಂದು ಕ್ಷಣ ಸುಮ್ನಿದ್ದು, ನನ್ನ ತೋಳು ಹಿಡ್ಕೊಂಡು ಸ್ಮಶಾನದ ಗೋಡೆ ತುದಿಗೆ ಕರ್ಕೊಂಡು ಹೋದ್ರು. ಕೋಲು ಚಾಚಿ ತೋರಿಸಿದ್ರು. ಅಂಗಡಿ, ಒಲೆಮನೆ, ಅತ್ತೆ ಮನೆ, ಆ ಹಸಿರು ಕಿಟಕಿ ನಂದು. ನವೆಂಬರ್ 23, ಭಾನುವಾರ, ಸಂಜೆ ಏಳೂವರೆ, ಬಾರಲ್ಲಿ ಟೀವೀಲಿ ಫುಟ್‌ಬಾಲ್ ನೋಡ್ತಿದ್ರಂತೆ. ಒಂದೂವರೆ ನಿಮಿಷ ನೆಲ ಅಲ್ಲಾಡಿತು. ಆ ಭಾಗದಲ್ಲೆಲ್ಲ ಸೇರಿ ಸುಮಾರು ಮೂರು ಸಾವಿರ ಜನ ಹೋದ ಭೂಕಂಪ ಅದು. ಅಜ್ಜನಿಗೆ ಬೇಜಾರಿದ್ದಿದ್ದು ಇನ್ನೊಂದಕ್ಕೆ, ಅಟ್ಟದ ಮೇಲೆ ಹೊಗೆಗೆ ಕಟ್ಟಿದ್ದ ಚೀಸು ತರಕ್ಕಾಗ್ಲಿಲ್ವಂತೆ. ನಲವತ್ತನಾಲ್ಕು ವರ್ಷ ಆದ್ರೂ ಎಷ್ಟು ಚೀಸಿನ ಉಂಡೆ ಇದ್ದವು ಅಂತ ಎಣಿಸಿ ಹೇಳಿದ್ರು, ಹನ್ನೊಂದು.

ಅಲ್ಲಿಂದ ಮುಂದೆ ಎಲ್ಲ ಸಲೀಸು. ರೊಮಾನ್ಯಾನೊ ಅಲ್ ಮೊಂತೆ, ಪ್ಲಾತಾನೊ ಹೊಳೆ ಕಮರಿ ಮೇಲೆ ಹದ್ದಿನ ಗೂಡಿನ ಥರ ಕೂತಿರೋ ಊರು, ಅದೂ 1980ರದ್ದೇ, ಹೊಸ ಊರು ಎರಡು ಕಿಲೋಮೀಟರ್ ಆಚೆ. ಯಜಮಾನಿಯ ಮೈದುನ ಆಪೆಲಿ ಕರ್ಕೊಂಡು ಹೋದ್ರು. ಆಪೆ ಅಂದ್ರೆ ಹೌದು ಅದೇ, ನಮ್ಮ ಕಡೆ ಟೊಮೇಟೊ ಕ್ರೇಟ್ ಸಾಗಿಸೋ ಮೂರು ಚಕ್ರದ್ದು, ಅದರ ತೌರು ಇಟಲಿ. ದಾರೀಲಿ ಕಮರಿ ಕಡೆ ಕೈ ತೋರಿಸಿ, ಬಾಲ್ವಾನೊ ಸುರಂಗ ಅಂದ್ರು. 1944ರ ಮಾರ್ಚಲ್ಲಿ ಗೂಡ್ಸ್ ರೈಲೊಂದು ಸುರಂಗದೊಳಗೆ ನಿಂತು, ಕಲ್ಲಿದ್ದಲ ಹೊಗೆಗೆ ಐನೂರಕ್ಕೂ ಹೆಚ್ಚು ಜನ ಉಸಿರುಕಟ್ಟಿ ಸತ್ತಿದ್ದು ಅಲ್ಲೇ. ಆಹಾರ ಹುಡುಕ್ಕೊಂಡು ಕದ್ದು ರೈಲು ಹತ್ತಿದ್ದ ಜನ. ಊರು ನೋಡಕ್ಕೆ ಹೋದವನು ಆ ರಾತ್ರಿ ಅದನ್ನೇ ಯೋಚನೆ ಮಾಡ್ಕೊಂಡು ಮಲಗಿದೆ.

ರೊಶೀನ್ಯೊ ವೆಕ್ಕಿಯಾ ಬಗ್ಗೆ ಜಾಸ್ತಿ ಬರೆಯಲ್ಲ, ಬಹಳ ಜನಕ್ಕೆ ಗೊತ್ತು, ಆದ್ರೂ ನವೆಂಬರಲ್ಲಿ ಹೋದ್ರೆ ನೀವೊಬ್ರೇ. ನೆಲ ಜಾರುತ್ತೆ ಅಂತ 1902ರಿಂದಲೇ ಸರ್ಕಾರ ಎಬ್ಬಿಸಕ್ಕೆ ಶುರು ಮಾಡಿದ ಊರು. ಮಧ್ಯದಲ್ಲಿ ಚೌಕ, ಕಾರಂಜಿ, ಸಾನ್ ನಿಕೋಲಾ ಚರ್ಚು. ಟಿಕೆಟ್ಟಿಲ್ಲ. ಬಸ್ಸು ದಿನಕ್ಕೆ ಒಂದೋ ಎರಡೋ, ಭಾನುವಾರ ನಂಬ್ಕೋಬೇಡಿ, ನಾನು ನಂಬಿ ಒಂಬತ್ತು ಕಿಲೋಮೀಟರ್ ನಡೆದೆ.

ಫಾರ್ಮುಲಾ ಫೇಲ್ ಆಗಿದ್ದು ಕಲಾಬ್ರಿಯಾ ಪ್ರಾಂತ್ಯದಲ್ಲಿ. ರೊಗೂದಿ ವೆಕ್ಕಿಯೊ, ಅಸ್ಪ್ರೊಮೊಂತೆ ಬೆಟ್ಟದೊಳಗೆ, ಗ್ರೀಕ್ ಮೂಲದ ಭಾಷೆ ಆಡ್ತಿದ್ದ ಜನ. 1971ರ ಪ್ರವಾಹ ಆದ್ಮೇಲೆ ಖಾಲಿ. ಅವರನ್ನ ಕೂರಿಸಿದ್ದು ಎಲ್ಲಿ ಅಂದ್ರೆ ದೂರ ಸಮುದ್ರದ ದಡದಲ್ಲಿ, ಮೆಲಿತೊ ಹತ್ರ! ಬೆಟ್ಟದವರನ್ನ ತಂದು ಬೀಚಿಗೆ. ಹೊಸ ರೊಗೂದೀಲಿ ಎರಡು ದಿನ ಕಾಫಿ ಕುಡಿದ್ರೂ ಮೇಲೆ ಹೋಗೋರು ಯಾರೂ ಸಿಗ್ಲಿಲ್ಲ. ಕೊನೆಗೆ ನಾಲ್ಕು ದಿನಕ್ಕೆ ಪಾಂಡಾ ತಗೊಂಡೆ, ಈ ಸಲ ಕ್ರೆಡಿಟ್ ಕಾರ್ಡ್ ಇತ್ತು, ಯಾವ ಊರಿನ ಹಳೇ ಭಾಗಕ್ಕೂ ಚಕ್ರ ಇಡ್ಲಿಲ್ಲ. ರಸ್ತೆ ಅನ್ನೋದು ಮರ್ಯಾದೆಗೆ. ಸೆಕೆಂಡ್ ಗೇರಲ್ಲೇ ಮೂರು ಗಂಟೆ. ಅಲ್ಲಿ ಹೇಳೋ ಕತೆ ಒಂದಿದೆ, ಮಕ್ಕಳು ಕಮರಿಗೆ ಬೀಳಬಾರದು ಅಂತ ಗೋಡೆಗೆ ಮೊಳೆ ಹೊಡೆದು ಹಗ್ಗದಲ್ಲಿ ಕಾಲು ಕಟ್ಟಿಡ್ತಿದ್ರಂತೆ. ಅಂಚಲ್ಲಿ ನಿಂತು ನೋಡಿದ್ರೆ ಕತೆ ಅನ್ಸಲ್ಲ. ಪಕ್ಕದ ಪೆಂತೆದಾತ್ತಿಲೊ ಚೆಂದ, ಐದು ಬೆರಳಿನ ಬಂಡೆ, ಆದ್ರೆ ಅಲ್ಲಿ ಈಗ ಜನ ಓಡಾಟ ಇದೆ, ಅರ್ಧ ದಿನ ಸಾಕು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳ್ತೀನಿ. ಹದಿನೈದು ದಿನ, ಟಿಕೆಟ್ಟು 58 ಸಾವಿರ, ವೀಸಾ ಇನ್ಶೂರೆನ್ಸು 14, ರೂಮು ರಾತ್ರಿಗೆ 35 ಯುರೋ ಲೆಕ್ಕದಲ್ಲಿ 45 ಸಾವಿರ, ಕಾರು ಪೆಟ್ರೋಲು 23, ಊಟ 27, ಬಸ್ಸು ರೈಲು ಆರೇಳು. ಒಂದೂಮುಕ್ಕಾಲು ಲಕ್ಷದೊಳಗೆ ಮುಗೀತು, ಕಾರಿಟ್ಕೊಂಡು ಮೆರೆದಾಗಿನದಕ್ಕಿಂತ ಮುಕ್ಕಾಲು ಲಕ್ಷ ಕಡಿಮೆ, ಊರು ಮಾತ್ರ ಮೂರು ಪಟ್ಟು. ವೆಜ್ ಬಗ್ಗೆ ಹೇಳೋದಾದ್ರೆ ಲಾಗಾನೆ ಎ ಚೇಚಿ ಅಂತ ಕೇಳಿ, ಅಗಲದ ಪಾಸ್ತಾ ಕಡಲೆಕಾಳು, ಕಣ್ಮುಚ್ಚಿ ತಿನ್ನಬಹುದು. ಆದ್ರೆ ಮಾಂಸದ ಚೂರು ಹಾಕಿದೀರಾ ಅಂತ ಮೂರು ಸಲ ಕೇಳಿ, ಅವರಿಗೆ ಸ್ವಲ್ಪ ಅಂದ್ರೆ ಇಲ್ಲ ಅಂತ ಅರ್ಥ.

ಬರೋವಾಗ ಯಜಮಾನಿ ಒಂದು ಸರ ಪೆಪೆರೋನಿ ಕ್ರೂಸ್ಕಿ ಕಟ್ಟಿಕೊಟ್ರು. ಒಣಗಿಸಿದ ಕೆಂಪು ಮೆಣಸಿನಕಾಯಿ, ಎಣ್ಣೇಲಿ ಎರಡು ಸೆಕೆಂಡ್ ಬಿಟ್ಟು ತೆಗೆದ್ರೆ ಹಪ್ಪಳದ ಥರ ಗರಿಗರಿ. ನಮ್ಮ ಬಾಳಕದ ಮೆಣಸಿನಕಾಯಿಗೆ ಅಣ್ಣ ಅಂತ ಅಮ್ಮನಿಗೆ ಹೇಳಿ ಮೊಸರನ್ನದ ಜೊತೆ ಕರಿಸಿದೆ. ಅಮ್ಮ ಒಂದು ಕಚ್ಚಿ, ಇನ್ನೊಂದು ಕಚ್ಚಿ, "ಇದಕ್ಕೆ ಖಾರಾನೇ ಇಲ್ವಲ್ಲೋ, ಪಾಪ" ಅಂದು ಅಡುಗೆಮನೆಗೆ ಹೋಗಿ ನಮ್ದೇ ಡಬ್ಬಿ ತಂದ್ರು.