ಹಿರಿಯರ ಮೂಗು ಮಂದವಾದರೆ: ಮನೆಯಲ್ಲೇ ಪರೀಕ್ಷಿಸುವ ಬಗೆ

ಅಲ್ಝೈಮರ್ಸ್‌ನಲ್ಲಿ ಮರೆವು ಎದ್ದು ಕಾಣುವ ಮೊದಲೇ ವಾಸನೆ ಗುರುತಿಸುವ ಶಕ್ತಿ ಕುಗ್ಗಿರುವುದುಂಟು. ಹಿರಿಯರು ತಾವಾಗಿ ಹೇಳುವುದು ಅಪರೂಪ. ಅವರಿಗೇ ಅದು ಗಮನಕ್ಕೆ ಬಂದಿರುವುದಿಲ್ಲ.

ಕಾಫಿ ಪುಡಿ, ಲವಂಗ, ಕಿತ್ತಳೆ ಸಿಪ್ಪೆ, ಸೋಪು ಇವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿಡಿ. ನೆಗಡಿ ಇದ್ದರೆ ಪೂರ್ತಿ ವಾಸಿಯಾಗುವವರೆಗೆ ಕಾಯಿರಿ. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿಹಿಡಿದು ಇನ್ನೊಂದರಿಂದ ಮೂಸಲು ಹೇಳಿ. ಒಂದು ವಾಸನೆಗೂ ಮತ್ತೊಂದಕ್ಕೂ ಒಂದು ನಿಮಿಷ ಬಿಡುವಿರಲಿ.

ಮೊದಲು ‘ಏನಾದರೂ ವಾಸನೆ ಬಂತಾ?’ ಎಂದು ಕೇಳಿ. ಆಮೇಲೆ ನಾಲ್ಕು ಹೆಸರು ಹೇಳಿ, ಆರಿಸಲು ಬಿಡಿ. ನೇರವಾಗಿ ‘ಇದೇನು?’ ಎಂದರೆ ಎಡವಟ್ಟು: ವಾಸನೆ ತಿಳಿದಿದ್ದರೂ ಪದ ನಾಲಿಗೆಗೆ ಬಾರದಿರಬಹುದು. ಕರ್ಪೂರ, ಮೆಂಥಾಲ್, ಅಮೋನಿಯಾ ಬಳಸಲೇಬೇಡಿ. ಅವು ಮೂಗಿನೊಳಗೆ ಉರಿ, ತಂಪು ಗ್ರಹಿಸುವ ಬೇರೊಂದು ನರವನ್ನು ಕೆರಳಿಸುತ್ತವೆ. ವಾಸನೆ ಪೂರ್ತಿ ಹೋದವರೂ ‘ಬಂತು’ ಎನ್ನುತ್ತಾರೆ.

ತಪ್ಪು ಉತ್ತರ ಬಂದರೆ ಅದೇ ಡಿಮೆನ್ಷಿಯಾ (ಅಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆ) ಎಂದು ದಯವಿಟ್ಟು ತೀರ್ಮಾನಿಸಬೇಡಿ. ವಯಸ್ಸು, ಸೈನಸ್, ಧೂಮಪಾನ, ಕೋವಿಡ್, ತಲೆಗೆ ಬಿದ್ದ ಪೆಟ್ಟು, ಕೆಲವು ಔಷಧಿಗಳು, ಪಾರ್ಕಿನ್ಸನ್ಸ್ ಕೂಡ ಕಾರಣವಾಗಬಹುದು. ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಜೊತೆಗೆ ಮರೆವೂ ಇದ್ದರೆ ನರರೋಗ ತಜ್ಞರನ್ನು ಕಾಣಿ.

ಮನೆಯ ಸುರಕ್ಷತೆಗೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ. ಹೊಗೆ ಅಲಾರಂ ಹಾಕಿಸಿ, ಗ್ಯಾಸ್ ಡಿಟೆಕ್ಟರ್ ಕೂಡ. ಎಲ್‌ಪಿಜಿ ಗಾಳಿಗಿಂತ ಭಾರ, ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪ್‌ನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಚಾವಣಿಯ ಹತ್ತಿರ. ಹಳಸಿದ್ದು ಮೂಗಿಗೆ ತಿಳಿಯದು. ಉಳಿದ ಅಡುಗೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ತಾರೀಖು ಬರೆದಿಡಿ.