ಫಿಟ್ಸ್ ಬಂದಾಗ ಬೀಗದ ಕೈ ಬಿಡಿ, ಗಡಿಯಾರ ನೋಡಿ

ಮಂಗಳೂರಿನ ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಹೊರಬರುವುದು ಬೀಗದ ಕೈಗೊಂಚಲು, ಆಮೇಲೆ ಪಕ್ಕದ ಹೋಟೆಲಿನಿಂದ ನೀರುಳ್ಳಿ. ಎರಡರಿಂದಲೂ ಉಪಯೋಗವಿಲ್ಲ. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ಬೀಗದ ಕೈ ಕೈಯಲ್ಲಿರುತ್ತದೆ, ಹೆಸರು ಅದಕ್ಕೆ ಹೋಗುತ್ತದೆ.

ಎದುರಿಗೇ ಬಂದಾಗ

ಮೊದಲು ಗಂಟೆ ನೋಡಿ. ರೋಗಿಯನ್ನು ಒಲೆ, ಬಾವಿಕಟ್ಟೆ, ಮೆಟ್ಟಿಲುಗಳಿಂದ ದೂರ ಸರಿಸಿ. ಕನ್ನಡಕ ತೆಗೆಯಿರಿ, ಕೊರಳಿನ ಗುಂಡಿ ಸಡಿಲಿಸಿ, ತಲೆಯಡಿಗೆ ಬೈರಾಸು (ಟವೆಲ್) ಮಡಚಿ ಇಡಿ. ಸಾಧ್ಯವಾದ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸಿ. ಬಾಯಿಯ ನೊರೆ, ವಾಂತಿ ಶ್ವಾಸಕೋಶಕ್ಕೆ ಇಳಿಯದೆ ಹೊರಗೆ ಹರಿದುಹೋಗಬೇಕು.

ಕೈಕಾಲು ಅದುಮಿ ಹಿಡಿಯಬೇಡಿ, ಭುಜದ ಕೀಲು ತಪ್ಪಬಹುದು. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಹೋದೀತು. ನಾಲಗೆಯನ್ನು ಯಾರೂ ನುಂಗಲಾರರು. ಕಚ್ಚಿದ ಗಾಯ ವಾಸಿಯಾಗುತ್ತದೆ. ಪೂರ್ತಿ ಎಚ್ಚರವಾಗಿ ಸರಿಯಾಗಿ ಮಾತಾಡುವ ತನಕ ನೀರೂ ಬೇಡ, ಕಾಫಿಯೂ ಬೇಡ.

ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಪ್ರಜ್ಞೆ ಮರಳುವ ಮೊದಲೇ ಇನ್ನೊಂದು ಬಂದರೂ, ಜೀವನದಲ್ಲಿ ಇದೇ ಮೊದಲ ಸಲವಾದರೂ, ಗರ್ಭಿಣಿ ಅಥವಾ ಸಕ್ಕರೆ ಕಾಯಿಲೆಯವರಾದರೂ, ನೀರಿನಲ್ಲಿದ್ದಾಗ ಬಂದರೂ ಕಾಯಬೇಡಿ.

ಪದೇ ಪದೇ ಬರುವವರ ಮನೆಯಲ್ಲಿ ಫಿಟ್ಸ್ ನಿಲ್ಲಿಸುವ ಮಿಡಾಜೋಲಾಮ್ ಮೂಗಿನ ಸ್ಪ್ರೇ ಇರುವುದುಂಟು. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಅರ್ಧ ಒಂದು ಹೊಳ್ಳೆಗೆ, ಅರ್ಧ ಇನ್ನೊಂದಕ್ಕೆ. ಆದರೆ ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, 1.25 ಬರುವುದೂ ಇದೆ. ಹಾಗಾಗಿ ಎಷ್ಟು ಒತ್ತು ಎಂಬುದನ್ನು ವೈದ್ಯರಿಂದಲೇ ಬಾಟಲಿಯ ಮೇಲೆ ಬರೆಸಿಕೊಳ್ಳಿ. ಬಾಟಲಿ ಬದಲಾದರೆ ಮತ್ತೊಮ್ಮೆ ಬರೆಸಿ.

ಕಂಡದ್ದನ್ನು ಹೇಳುವುದು

ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಹೌದೋ ಅಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ನೋಡಿದವರ ಮಾತಿನ ಮೇಲೆ. ರೋಗಿಗೆ ಏನೂ ನೆನಪಿರುವುದಿಲ್ಲ. ಅವರನ್ನು ಮಗ್ಗುಲಿಗೆ ತಿರುಗಿಸಿದ ಮೇಲೆ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ, ಅದು ವೈದ್ಯರಿಗೆ ಮಾತ್ರ ತೋರಿಸಲಿಕ್ಕೆ. ಮೊದಲು ಯಾವ ಕಡೆಯ ಕೈ ಸೆಟೆಯಿತು, ತಲೆ ಎತ್ತ ತಿರುಗಿತು, ಕಣ್ಣು ತೆರೆದಿತ್ತೇ, ಫಿಟ್ಸ್ ನಿಂತ ಮೇಲೆ ಎಷ್ಟು ಹೊತ್ತು ಗೊಂದಲವಿತ್ತು ಎಂಬುದನ್ನು ಬರೆದಿಡಿ. ಅಪಸ್ಮಾರದ ಫಿಟ್ಸ್‌ನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ನಾಲಗೆಯ ಬದಿ ಕಚ್ಚಿರುತ್ತದೆ. ದೇವಸ್ಥಾನದ ಸರತಿಯಲ್ಲಿ, ಸೆಕೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದವರು ಒಂದು ನಿಮಿಷದೊಳಗೆ ಎದ್ದು ಸರಿಯಾಗಿ ಮಾತಾಡಿದರೆ ಅದು ಹೆಚ್ಚಾಗಿ ಬರೇ ತಲೆಸುತ್ತು. ಕೈ ಎರಡು ಸಲ ಅದುರಿದರೂ ಸರಿಯೇ.

ಬೀಳದ ಫಿಟ್ಸ್ ಕೂಡ ಇದೆ. ಮಗು ಪಾಠದ ನಡುವೆ ಹತ್ತು ಸೆಕೆಂಡು ಶೂನ್ಯ ನೋಡಿ ಮತ್ತೆ ಬರೆಯತೊಡಗುತ್ತದೆ, ದಿನಕ್ಕೆ ಹತ್ತಾರು ಸಲ. ಟೀಚರ್ 'ಗಮನ ಇಲ್ಲ' ಎಂದು ಡೈರಿಯಲ್ಲಿ ಬರೆಯುತ್ತಾರೆ. ಕೆಲವರು ತುಟಿ ಚಪ್ಪರಿಸುತ್ತಾ ಅಂಗಿಯ ಅಂಚು ಹಿಸುಕುತ್ತಾರೆ, ಕರೆದರೆ ಓಗೊಡುವುದಿಲ್ಲ. ಪಿಯುಸಿ ವಯಸ್ಸಿನ ಮಕ್ಕಳಿಗೆ ಬೆಳಗ್ಗೆ ಎದ್ದ ಕೂಡಲೇ ಕೈ ಜಿಗಿದು ಬ್ರಷ್ ಹಾರುವುದು, ಚಹಾ ಚೆಲ್ಲುವುದು ಇದ್ದರೆ ಕೇಳದಿದ್ದರೂ ವೈದ್ಯರಿಗೆ ಹೇಳಿ. ಈ ಬಗೆಯ ಅಪಸ್ಮಾರಕ್ಕೆ ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆ ಕೊಟ್ಟರೆ ಜಿಗಿತ ಹೆಚ್ಚಾಗಬಹುದು. ಚಹಾ ಚೆಲ್ಲುವ ಸುದ್ದಿ ಮುಚ್ಚಿಟ್ಟರೆ ತಪ್ಪು ಮಾತ್ರೆ ಕೈಗೆ ಬರುತ್ತದೆ.

ಒಂದೇ ಸಲ ಬಂದದ್ದಕ್ಕೆಲ್ಲ ಅಪಸ್ಮಾರ ಎನ್ನುವುದಿಲ್ಲ. ಕಾರಣವಿಲ್ಲದೆ, 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಅಪಸ್ಮಾರ. ಒಂದೇ ಸಲವಾದರೂ ಮತ್ತೆ ಬರುವ ಸಂಭವ ಹೆಚ್ಚೆಂದು ಪರೀಕ್ಷೆಯಲ್ಲಿ ಕಂಡರೂ ಹೌದು. ಸಕ್ಕರೆ ಅಥವಾ ಸೋಡಿಯಂ ಇಳಿದದ್ದು, ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರದಲ್ಲಿ ಬಂದದ್ದು ಬೇರೆ ಲೆಕ್ಕ.

ಪರೀಕ್ಷೆಗಳು

ಇಇಜಿಗೆ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಹೋಗುವ ಮುನ್ನ ಶಾಂಪೂ ಹಾಕಿ ತಲೆ ತೊಳೆಯಿರಿ, ಆ ದಿನ ತೆಂಗಿನೆಣ್ಣೆ ಬೇಡ. ಎಣ್ಣೆ ಇದ್ದರೆ ತಂತಿ ಅಂಟುವುದಿಲ್ಲ. ಹಿಂದಿನ ರಾತ್ರಿ ಕಡಿಮೆ ಮಲಗಿ ಬರಲು ಹೇಳಿದ್ದರೆ ಹಾಗೇ ಮಾಡಿ, ಆದರೆ ನೀವಾಗಿ ಮಾತ್ರೆ ಬಿಡಬೇಡಿ. ಅಪಸ್ಮಾರ ಇದ್ದವರಲ್ಲೂ ಸುಮಾರು ಅರ್ಧದಷ್ಟು ಮಂದಿಯ ಮೊದಲ ಇಇಜಿ ನಾರ್ಮಲ್ ಬರುತ್ತದೆ. ಆ ಕಾಗದ ಹಿಡಿದು 'ಏನೂ ಇಲ್ಲ' ಎಂದು ಮನೆಗೆ ಹೋಗುವುದೇ ದೊಡ್ಡ ತಪ್ಪು. ಎಂಆರ್‌ಐ ಮಾಡಿಸುವಾಗ ಅಪಸ್ಮಾರದ ಪ್ರೋಟೋಕಾಲ್ (ಅಪಸ್ಮಾರಕ್ಕೆಂದೇ ಚಿತ್ರ ತೆಗೆಯುವ ಕ್ರಮ) ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಸಣ್ಣ ಗಾಯದ ಕಲೆ ಮಾಮೂಲಿ ಚಿತ್ರದಲ್ಲಿ ತಪ್ಪಿಹೋಗಬಹುದು. ಮಿದುಳಿನಲ್ಲಿ ಲಾಡಿಹುಳದ ಗುಳ್ಳೆ ಕಾಣುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಅದರ ಮೊಟ್ಟೆ ಬರುವುದು ಕೊಳಕು ನೀರು, ತೊಳೆಯದ ಹಸಿ ತರಕಾರಿಯಿಂದ, ಆದ್ದರಿಂದ ಶುದ್ಧ ಸಸ್ಯಾಹಾರಿಗಳಿಗೂ ಬರುತ್ತದೆ.

ಮಾತ್ರೆಯ ಶಿಸ್ತು

ಹತ್ತರಲ್ಲಿ ಸುಮಾರು ಏಳು ಮಂದಿಗೆ ಸರಿಯಾದ ಮಾತ್ರೆಯಿಂದ ಫಿಟ್ಸ್ ನಿಲ್ಲುತ್ತದೆ. ಲೆವೆಟಿರಾಸೆಟಮ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಬೆಳಗ್ಗೆ 8, ರಾತ್ರಿ 8 ಎಂದು ಅಲಾರಾಂ ಇಡಿ. ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಏಕಾದಶಿಯ ಉಪವಾಸದಲ್ಲೂ ಮಾತ್ರೆಗೆ ಒಂದು ಗುಟುಕು ನೀರು ಬೇಕು. ವಾಲ್‌ಪ್ರೊಯೇಟ್ ಮಾತ್ರೆ ತೇವ ಹೀರುತ್ತದೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಅದನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಡಬೇಡಿ. ಮಗು ಬೇಕೆಂದಿರುವವರು, ಹೆರುವ ವಯಸ್ಸಿನವರು ಇದರ ಬದಲು ಬೇರೆ ಔಷಧಿ ಆದೀತೇ ಎಂದು ಮೊದಲೇ ಕೇಳಬೇಕು, ಇದರಿಂದ ಭ್ರೂಣದ ಬೆನ್ನುಹುರಿ, ಮಿದುಳಿಗೆ ಹಾನಿಯ ಅಪಾಯ ಹೆಚ್ಚು. ಆದರೆ ಗರ್ಭಿಣಿ ಎಂದು ಗೊತ್ತಾದ ದಿನ ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಫೆನಿಟೋಯಿನ್ ತೆಗೆದುಕೊಳ್ಳುವವರು ಜ್ಞಾಪಕಶಕ್ತಿಗೆಂದು ಶಂಖಪುಷ್ಪಿ ಸಿರಪ್ ಕುಡಿದರೆ ರಕ್ತದಲ್ಲಿ ಫೆನಿಟೋಯಿನ್ ಮಟ್ಟ ಇಳಿದೀತು. ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್ ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಗುಳ್ಳೆ, ಬಾಯಿಹುಣ್ಣು ಎದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಎರಡು ಔಷಧಿ ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ನಿಲ್ಲದಿದ್ದರೆ ಮೂರನೆಯದಕ್ಕೆ ಕಾದು ಕೂರದೆ ಶಸ್ತ್ರಚಿಕಿತ್ಸೆ ಆದೀತೇ ಎಂದು ಪರೀಕ್ಷಿಸಿಕೊಳ್ಳಿ.

ನಿದ್ದೆಗೆಟ್ಟರೆ ಮಾತ್ರೆ ನುಂಗಿದವರಿಗೂ ಫಿಟ್ಸ್ ಬರುತ್ತದೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ಬದಲು ಕಾಲಮಿತಿಯದ್ದಕ್ಕೆ ಹೋಗಿ. ಭೂತದ ಕೋಲವಿದ್ದ ಮರುದಿನ ಮಧ್ಯಾಹ್ನ ಮಲಗಿದರಾಯಿತು ಎಂದು ಲೆಕ್ಕ ಹಾಕಬೇಡಿ. ಬಾವಿಯಿಂದ ನೀರು ಸೇದುವುದು, ತೆಂಗಿನ ಮರ ಹತ್ತುವುದು, ಒಬ್ಬರೇ ಸಮುದ್ರಕ್ಕಿಳಿಯುವುದು, ವಾಹನ ಓಡಿಸುವುದು ವೈದ್ಯರು ಒಪ್ಪುವ ತನಕ ಬೇಡ. ಬಚ್ಚಲಿಗೆ ಒಳಚಿಲಕ ಹಾಕದಿರಿ. ಮದುವೆ ನಿಂತುಹೋಗುತ್ತದೆ ಎಂಬ ಭಯಕ್ಕೆ ಕಾನೂನಿನ ಆಧಾರವೂ ಈಗ ಇಲ್ಲ: ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ.

ಕನಿಷ್ಠ ಎರಡು ವರ್ಷ ಒಂದೂ ಬಾರದಿದ್ದರೆ ಮಾತ್ರೆ ಇಳಿಸುವ ಮಾತು ಬರುತ್ತದೆ, ಅದೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ. ಅಲ್ಲಿಯ ತನಕ ಹದಿನೈದು ದಿನದ ಮಾತ್ರೆ ಮನೆಯಲ್ಲಿ ಹೆಚ್ಚಿಗೆ ಇರಲಿ, ಜೂನ್‌ನಲ್ಲಿ ರಸ್ತೆಗೆ ಮರ ಬಿದ್ದ ದಿನ ಮೆಡಿಕಲ್‌ಗೆ ಹೋಗಲಾಗುವುದಿಲ್ಲ.